ಹಳೆಯ ಪಿಕಪ್ಪಿನ ಆಟೋಮ್ಯಾಟಿಕ್ ಗೇರು: ಎಷ್ಟು ಬಿಗಿ, ಎಷ್ಟು ಸಡಿಲ

ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರು ಬದಲಾಗುವುದು ಒಳಗೆ ಕುಳಿತವರಿಗೆ ಗೊತ್ತೇ ಆಗಬಾರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಹೊಸ ಕಾರಿನ ಮಟ್ಟಿಗೆ ಅದು ಸರಿಯಿರಬಹುದು. ಆದರೆ ಇಪ್ಪತ್ತೈದು ವರ್ಷ ಹಳೆಯದಾದ, ಎಂಜಿನ್ನೋ ಗೇರ್‌ಬಾಕ್ಸೋ ಬದಲಾದ, ದೊಡ್ಡ ಟೈರು ಹಾಕಿಸಿಕೊಂಡ, ಹಿಂದೆ ಗೊಬ್ಬರದ ಚೀಲವನ್ನೋ ಹಸಿ ಅಡಿಕೆ ಗೊನೆಯನ್ನೋ ಹೇರಿಕೊಂಡು ಮಲೆನಾಡಿನ ಏರು ಹತ್ತುವ ಪಿಕಪ್ಪಿನಲ್ಲಿ ಬೆಣ್ಣೆಯಂತೆ ಬೀಳುವ ಗೇರು ಎಂದರೆ ಬಹಳ ಸಲ ಜಾರುತ್ತಿರುವ ಗೇರು ಎಂದೇ ಅರ್ಥ.

ಇದನ್ನು ನಾನು ಕಲಿತದ್ದು ಕೈಯಿಂದ ದುಡ್ಡು ಕಳೆದುಕೊಂಡು. ಮೊಣಕಾಲು ನೋವಿನಿಂದ ಕ್ಲಚ್ ತುಳಿಯಲಾಗದ ಅಪ್ಪಯ್ಯನಿಗಾಗಿ ಮನೆಯ ಹಳೆಯ ಡೀಸೆಲ್ ಪಿಕಪ್ಪಿಗೆ ಟೊಯೊಟಾದ ಎ340 ಕುಟುಂಬದ ನಾಲ್ಕು ಸ್ಪೀಡಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿದ್ದೆವು. "ಇದೆಂಥದಾ, ಗೇರು ಬಿದ್ದಾಗೆಲ್ಲ ಬೆನ್ನಿಗೆ ಒದ್ದ ಹಾಗಾಗ್ತದೆ" ಎಂದು ಅಪ್ಪಯ್ಯ ಎರಡು ಸಲ ಗೊಣಗಿದ ಮೇಲೆ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ಅಲ್ಲಿ ಗೇರ್‌ಬಾಕ್ಸಿಗೆ ಹೋಗುವ ಥ್ರಾಟಲ್ ಕೇಬಲ್ಲನ್ನು ನಾಲ್ಕೈದು ಸುತ್ತು ಸಡಿಲಿಸಿ ಕೊಟ್ಟರು. ಗಾಡಿ ರೇಷ್ಮೆಯ ಹಾಗಾಯಿತು. ಎರಡು ತಿಂಗಳ ಬಳಿಕ ಭಾರ ಹೇರಿಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿ ಮೇಲೆ ಬಂದು ನಿಲ್ಲಿಸಿದಾಗ ಬಾನೆಟ್ಟಿನ ಅಡಿಯಿಂದ ಕರಟಿದ ವಾಸನೆ ಬರುತ್ತಿತ್ತು. ಡಿಪ್‌ಸ್ಟಿಕ್ ಎಳೆದರೆ ಕೆಂಪಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದಾಗ ಮೂರನೆಯ ಗೇರನ್ನು ಹಿಡಿಯುವ ಕ್ಲಚ್ ಪ್ಲೇಟುಗಳು ಕರ್ರಗೆ ಸುಟ್ಟಿದ್ದವು. ಕೇಳಿದ್ದಕ್ಕೆ ಗ್ಯಾರೇಜಿನವರು, "ಗೇರು ಬೀಳೋದು ಗೊತ್ತಾಗಬಾರ್ದು ಅಂದಿದ್ದು ನೀವೇ ಅಲ್ವಾ?" ಎಂದರು. ಹೌದು, ಹಾಗೆ ಅಂದವನು ನಾನೇ.

ಮುಂದೆ ಬರೆದಿರುವುದು ಇದೇ ಬಗೆಯ, ಅಂದರೆ ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಒಂದು ಕೇಬಲ್ ಹೋಗುವ ಹಳೆಯ ಆಟೋಮ್ಯಾಟಿಕ್‌ಗಳ ಬಗ್ಗೆ. ಬೇರೆ ಬಗೆಯವುಗಳ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳಿದ್ದೇನೆ.

ಬಿಗಿ ಎಲ್ಲಿಂದ ಬರುತ್ತದೆ

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗೆ ಗೇರು ಬದಲಾಗುವುದೆಂದರೆ ಒಂದು ಕ್ಲಚ್ ಕಟ್ಟು, ಅಂದರೆ ಒಂದಕ್ಕೊಂದು ಒತ್ತಿ ಹಿಡಿಯುವ ಪ್ಲೇಟುಗಳ ಜೋಡಣೆ, ಹಿಡಿತ ಬಿಡುವುದು, ಇನ್ನೊಂದು ಹಿಡಿಯುವುದು. ಹಿಡಿಯುವ ಕೆಲಸ ಮಾಡುವುದು ಎಣ್ಣೆಯ ಒತ್ತಡ. ಎಂಜಿನ್ನಿನಿಂದ ತಿರುಗುವ ಪಂಪು ಆ ಒತ್ತಡವನ್ನು ಹುಟ್ಟಿಸುತ್ತದೆ, ವಾಲ್ವ್ ಬಾಡಿ ಎಂಬ ಜಟಿಲವಾದ ಎರಕದ ಪೆಟ್ಟಿಗೆ ಅದನ್ನು ಹಂಚುತ್ತದೆ. ಎಂಜಿನ್ನು ಹೆಚ್ಚು ಎಳೆಯುವಾಗ ಕ್ಲಚ್ಚೂ ಅಷ್ಟೇ ಗಟ್ಟಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಜಾರುತ್ತದೆ. ಆದ್ದರಿಂದ ಚಾಲಕ ಎಷ್ಟು ತುಳಿದಿದ್ದಾನೆಂಬ ಸುದ್ದಿ ಗೇರ್‌ಬಾಕ್ಸಿಗೆ ತಲುಪಬೇಕು, ಮತ್ತು ಆ ಸುದ್ದಿಯನ್ನು ಒಯ್ಯುವುದೇ ಥ್ರಾಟಲ್ ಕೇಬಲ್. ಅದು ಎಳೆದಷ್ಟೂ ಒಳಗಿನ ಒಂದು ಪುಟ್ಟ ವಾಲ್ವು ಸರಿದು ಲೈನ್ ಪ್ರೆಶರ್ ಎಂದು ಕರೆಯುವ ಮುಖ್ಯ ಒತ್ತಡ ಏರುತ್ತದೆ.

ಇನ್ನೊಂದು ಭಾಗ ಅಕ್ಯುಮ್ಯುಲೇಟರ್. ಇದು ಸ್ಪ್ರಿಂಗಿನ ಬೆಂಬಲವಿರುವ ಪಿಸ್ಟನ್. ಕ್ಲಚ್ಚಿನತ್ತ ನುಗ್ಗುವ ಎಣ್ಣೆಯಲ್ಲಿ ಸ್ವಲ್ಪವನ್ನು ತಾನು ನುಂಗಿಕೊಂಡು ಹಿಡಿತವನ್ನು ಮೆಲ್ಲಗಾಗಿಸುತ್ತದೆ. ಕಾರ್ಖಾನೆಯಿಂದ ಬರುವಾಗಲೇ ಈ ಎರಡರ ನಡುವೆ ಒಂದು ಹದ ಕೂಡಿಸಿರುತ್ತಾರೆ. ಆದರೆ ಆ ಹದ ಆ ಎಂಜಿನ್ನಿಗೆ, ಆ ಗಾಡಿಯ ತೂಕಕ್ಕೆ, ಆ ಅಳತೆಯ ಟೈರಿಗೆ. ನಾವು ಟರ್ಬೊ ಇರುವ ಬೇರೆ ಡೀಸೆಲ್ ಎಂಜಿನ್ ಕೂರಿಸಿ, ಎರಡು ಅಂಗುಲ ದೊಡ್ಡ ಟೈರು ಹಾಕಿಸಿದ ಮೇಲೂ ಗೇರ್‌ಬಾಕ್ಸು ಹಳೆಯ ಲೆಕ್ಕದಲ್ಲೇ ಕೆಲಸ ಮಾಡುತ್ತಿರುತ್ತದೆ.

ಮೆತ್ತಗೆ ಬೀಳುವ ಗೇರಿನಲ್ಲಿ ಪ್ಲೇಟುಗಳು ಹೆಚ್ಚು ಹೊತ್ತು ಉಜ್ಜಿಕೊಳ್ಳುತ್ತವೆ, ಉಜ್ಜಿದಷ್ಟೂ ಬಿಸಿ, ಬಿಸಿಯಾದಷ್ಟೂ ಎಣ್ಣೆ ತೆಳುವಾಗಿ ಹಿಡಿತ ಇನ್ನಷ್ಟು ಕಡಿಮೆ. ಹಾಗೆಂದು ಬಿಗಿ ಹೆಚ್ಚಾದಷ್ಟೂ ಒಳ್ಳೆಯದು ಎನ್ನಲಾಗದು. ಅತಿಯಾದ ಒತ್ತಡದ ಹೊಡೆತವನ್ನು ಹಿಂದಿನ ಚಕ್ರಗಳತ್ತ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸು, ಹಿಂದಿನ ಕ್ರೌನ್ ಪಿನಿಯನ್ನು, ಗೇರ್‌ಬಾಕ್ಸಿನ ಒಳಗಿನ ಒನ್‌ವೇ ಕ್ಲಚ್ಚು ಎಲ್ಲವೂ ತಿನ್ನಬೇಕಾಗುತ್ತದೆ. ಆಷಾಢದ ಮಳೆಯಲ್ಲಿ ತೋಟದ ಮಣ್ಣುರಸ್ತೆ ಹತ್ತುವಾಗ ಹಿಂದೆ ಭಾರವಿಲ್ಲದ ಪಿಕಪ್ಪಿನಲ್ಲಿ ಗೇರು ಧಡ್ಡನೆ ಬಿದ್ದರೆ ಹಿಂದಿನ ಚಕ್ರ ಅಲ್ಲೇ ತಿರುಗಿ ಗಾಡಿ ಅಡ್ಡ ಜಾರುತ್ತದೆ. ಇವೆರಡರ ನಡುವೆ, ಸ್ವಲ್ಪ ಬಿಗಿಯ ಕಡೆಗೆ ವಾಲಿದಂತೆ ಹದ ಮಾಡಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಕೇಬಲ್ ಮುಟ್ಟುವ ಮೊದಲು

ಸ್ಪ್ಯಾನರ್ ಹಿಡಿಯುವ ಮೊದಲು ಒಂದಿಡೀ ಬೆಳಗು ಬರೀ ನೋಡುವುದಕ್ಕೆ ಮೀಸಲಿಡಿ. ಗೇರ್ ಒದೆಯುತ್ತದೆ ಎಂದು ಬರುವ ಗಾಡಿಗಳಲ್ಲಿ ಎಷ್ಟೋ ಸಲ ತಪ್ಪು ಗೇರ್‌ಬಾಕ್ಸಿನದೇ ಆಗಿರುವುದಿಲ್ಲ.

ಮೊದಲನೆಯದು ಎಣ್ಣೆ. ಗಾಡಿಯನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಎಣ್ಣೆ 70ರಿಂದ 80 ಡಿಗ್ರಿ ಸೆಲ್ಸಿಯಸ್ಸಿಗೆ ಬಂದ ಮೇಲೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಬೇಕು. ಮಲೆನಾಡಿನ ಮನೆಗಳಲ್ಲಿ ಸಮತಟ್ಟಾದ ಜಾಗವೇ ಅಪರೂಪ, ಅಡಿಕೆ ಒಣಗಿಸುವ ಅಂಗಳ ಇದಕ್ಕೆ ಹೇಳಿ ಮಾಡಿಸಿದ್ದು. ಎಂಜಿನ್ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ, ಓಡುತ್ತಿರುವಾಗಲೇ ಬ್ರೇಕ್ ತುಳಿದು ಗೇರ್ ಲಿವರನ್ನು ಪಿಯಿಂದ (ಪಾರ್ಕ್) ಎಲ್‌ವರೆಗೆ ಪ್ರತಿ ಸ್ಥಾನದಲ್ಲೂ ಒಂದು ಕ್ಷಣ ನಿಲ್ಲಿಸಿ ಮತ್ತೆ ಪಿಗೆ ತಂದು, ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಇಳಿಸಿ ನೋಡಿ. ಟೊಯೊಟಾದ ಕಡ್ಡಿಯಲ್ಲಿ ತಣ್ಣಗಿರುವಾಗಿನ ಗುರುತು, ಬಿಸಿಯಾದಾಗಿನ ಗುರುತು ಎರಡೂ ಇರುತ್ತವೆ, ನಿಮಗೆ ಬೇಕಾದದ್ದು ಬಿಸಿಯಾದಾಗಿನದು. ಎಣ್ಣೆ ಕಡಿಮೆಯಿದ್ದರೆ ಪಂಪು ಗಾಳಿ ಎಳೆದು ಗೇರು ಜಾರುತ್ತದೆ, ಹೆಚ್ಚಿದ್ದರೆ ತಿರುಗುವ ಗೇರುಗಳು ಅದನ್ನು ಕಡೆದು ನೊರೆ ಎಬ್ಬಿಸಿ ಅದೇ ತೊಂದರೆ ತರುತ್ತವೆ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿ. ತಿಳಿ ಕೆಂಪಾದರೆ ಸರಿ. ಕಂದು ಬಣ್ಣ, ಸುಟ್ಟ ವಾಸನೆ, ಬೆರಳಿಗೆ ಕಪ್ಪು ಹುಡಿ ಹತ್ತಿದರೆ ಪ್ಲೇಟುಗಳು ಆಗಲೇ ಸವೆದಿವೆ ಎಂದು ತಿಳಿಯಬೇಕು, ಅಂಥ ಗೇರ್‌ಬಾಕ್ಸನ್ನು ಕೇಬಲ್ ಬಿಗಿದು ಉಳಿಸಲಾಗದು. ಸ್ಟ್ರಾಬೆರಿ ಹಾಲಿನಂಥ ಗುಲಾಬಿ ಬಣ್ಣ ಕಂಡರೆ ಒಳಗೆ ನೀರು ಸೇರಿದೆ.

ನೀರಿನ ಮಾತು ಬಂದದ್ದರಿಂದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಉಸಿರಾಡಲು ಒಂದು ಚಿಕ್ಕ ಕೊಳವೆ ಇರುತ್ತದೆ. ಬಿಸಿಯಾಗಿ ಬಂದ ಗಾಡಿಯನ್ನು ತುಂಬಿ ಹರಿಯುವ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗಿ ಆ ಕೊಳವೆಯ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಅದಕ್ಕೊಂದು ರಬ್ಬರ್ ಪೈಪು ಜೋಡಿಸಿ ಏರ್ ಫಿಲ್ಟರಿನ ಎತ್ತರಕ್ಕೆ ಒಯ್ದು ಕಟ್ಟಿದರೆ ಆಯಿತು. ಅರ್ಧ ಗಂಟೆಯ ಕೆಲಸ.

ಎರಡನೆಯದು ಆಧಾರಗಳು ಮತ್ತು ಸಡಿಲ. ಎಂಜಿನ್ ಮೌಂಟು, ಗೇರ್‌ಬಾಕ್ಸ್ ಮೌಂಟು ಹರಿದಿದ್ದರೆ, ಕ್ರಾಸು ಸವೆದಿದ್ದರೆ, ಹಿಂದಿನ ಪ್ಲೇಟ್ ಸೆಟ್ಟಿನ (ಪಟ್ಟಿ ಸ್ಪ್ರಿಂಗಿನ) ಯು ಬೋಲ್ಟು ಸಡಿಲಾಗಿದ್ದರೆ, ಗೇರು ಸರಿಯಾಗಿ ಬಿದ್ದರೂ ಧಡ್ ಎಂಬ ಸದ್ದು ಬರುತ್ತದೆ. ಚಕ್ರಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಗಾಡಿಯ ಅಡಿಗೆ ಹೋಗಿ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ ನೋಡಿದರೆ ಕ್ರಾಸಿನ ಸಡಿಲ ಕೈಗೇ ಸಿಗುತ್ತದೆ. ಅಪ್ಪಯ್ಯನ ಬೆನ್ನಿಗೆ ಬೀಳುತ್ತಿದ್ದ ಒದೆಯಲ್ಲಿ ಅರ್ಧ ಪಾಲು ಹರಿದ ಗೇರ್‌ಬಾಕ್ಸ್ ಮೌಂಟಿನದಾಗಿತ್ತು. ಅದನ್ನು ನೋಡದೆ ಕೇಬಲ್ಲಿಗೆ ಕೈ ಹಾಕಿದ್ದೇ ನಮ್ಮ ಮೊದಲ ತಪ್ಪು.

ಮೂರನೆಯದು ಐಡಲ್. ಡೀಸೆಲ್ ಎಂಜಿನ್ನಿನ ಐಡಲ್ ಆರ್‌ಪಿಎಂ ಸಾಮಾನ್ಯವಾಗಿ 700ರಿಂದ 800ರ ಸುಮಾರಿಗೆ ಇರಬೇಕು. ಏಸಿಗೆಂದು ಅದನ್ನು 1000ಕ್ಕೆ ಏರಿಸಿಟ್ಟ ಗಾಡಿಯಲ್ಲಿ ನ್ಯೂಟ್ರಲಿನಿಂದ ಡಿಗೆ (ಡ್ರೈವ್) ಹಾಕಿದಾಗ ಗಾಡಿ ಜಿಗಿದೇ ಜಿಗಿಯುತ್ತದೆ.

ನಾಲ್ಕನೆಯದು ತಂಪು. ಮ್ಯಾನ್ಯುಯಲ್ ಗಾಡಿಯ ರೇಡಿಯೇಟರಿನಲ್ಲಿ ಗೇರ್ ಎಣ್ಣೆಯನ್ನು ತಣಿಸುವ ಕೊಳವೆ ಇರುವುದಿಲ್ಲ. ಗೇರ್‌ಬಾಕ್ಸ್ ಬದಲಿಸಿದವರು ಪ್ರತ್ಯೇಕ ಆಯಿಲ್ ಕೂಲರ್ ಕೂರಿಸಿರಬೇಕು, ಅದೂ ಗಾಳಿ ತಾಗುವ ಜಾಗದಲ್ಲಿ. ಬೆಳಿಗ್ಗೆ ಚೆನ್ನಾಗಿ ಬೀಳುವ ಗೇರು ಘಾಟಿ ಹತ್ತಿದ ಮೇಲೆ ಮೆತ್ತಗಾಗುತ್ತದೆ ಎಂದರೆ ಮೊದಲು ಕೂಲರಿನ ಕಡೆ ನೋಡಿ, ಆಮೇಲೆ ಒಳಗಿನ ಸೀಲುಗಳ ಸವೆತದ ಬಗ್ಗೆ ಯೋಚಿಸಿ.

ಗಡಿಯಾರದ ಪರೀಕ್ಷೆ

ಇದಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಸಾಕು. ಎಣ್ಣೆ ಬಿಸಿಯಾಗಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಿ. ಐಡಲಿನಲ್ಲಿ ನ್ಯೂಟ್ರಲಿನಿಂದ ಡಿಗೆ ಲಿವರ್ ಸರಿಸಿದ ಕ್ಷಣದಿಂದ ಗಾಡಿ ಮೆಲ್ಲಗೆ ಅದುರುವ ಕ್ಷಣದವರೆಗಿನ ಹೊತ್ತನ್ನು ಅಳೆಯಿರಿ. ಎ340 ಕುಟುಂಬದಲ್ಲಿ ಇದು 1.2 ಸೆಕೆಂಡಿಗಿಂತ ಕಡಿಮೆಯಿರಬೇಕು, ನ್ಯೂಟ್ರಲಿನಿಂದ ರಿವರ್ಸಿಗಾದರೆ 1.5 ಸೆಕೆಂಡಿಗಿಂತ ಕಡಿಮೆ. ಪ್ರತಿ ಸಲಕ್ಕೂ ನಡುವೆ ಒಂದು ನಿಮಿಷ ಬಿಟ್ಟು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಎರಡರಲ್ಲೂ ತಡವಾದರೆ ಲೈನ್ ಪ್ರೆಶರ್ ಒಟ್ಟಾರೆ ಕಡಿಮೆಯಿದೆ ಎಂಬ ಸಂಶಯ ಬಲವಾಗುತ್ತದೆ. ಒಂದರಲ್ಲಿ ಮಾತ್ರ ತಡವಾದರೆ ಆ ಗೇರಿನ ಕ್ಲಚ್ಚು ಸವೆದಿರುವ ಸಾಧ್ಯತೆ ಹೆಚ್ಚು, ಅದು ಕೇಬಲ್ಲಿನಿಂದ ಸರಿಹೋಗುವ ರೋಗವಲ್ಲ.

ಕೇಬಲ್ ಹೊಂದಿಸುವ ಬಗೆ

ಈ ಕೆಲಸಕ್ಕೆ ಎಂಜಿನ್ ಬಂದ್ ಆಗಿರಬೇಕು, ಒಳಗೆ ಕುಳಿತು ಆಕ್ಸಿಲರೇಟರ್ ತುಳಿಯಲು ಒಬ್ಬರು ಬೇಕು. ಮೊದಲು ಪೆಡಲನ್ನು ನೆಲಕ್ಕೆ ತಾಗುವಂತೆ ತುಳಿಸಿ, ಎಂಜಿನ್ ಬದಿಯ ಲಿವರ್ ನಿಜವಾಗಿಯೂ ಕೊನೆಯ ಸ್ಟಾಪರಿಗೆ ಮುಟ್ಟುತ್ತದೆಯೇ ನೋಡಿ. ಮ್ಯಾಟು ದಪ್ಪವಾಗಿಯೋ ಆಕ್ಸಿಲರೇಟರಿನ ಕೇಬಲ್ಲೇ ಸಡಿಲಾಗಿಯೋ ಅದು ಮುಟ್ಟದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಅಳತೆಯೆಲ್ಲ ಸುಳ್ಳು.

ಗೇರ್‌ಬಾಕ್ಸಿನ ಕೇಬಲ್ಲು ಬ್ರಾಕೆಟ್ಟಿನಲ್ಲಿ ಎರಡು ನಟ್ಟುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹೊರಗವಚದ ತುದಿಗೆ ರಬ್ಬರಿನ ಬೂಟು, ಒಳತಂತಿಯ ಮೇಲೆ ಒತ್ತಿ ಕೂರಿಸಿದ ಪುಟ್ಟ ಲೋಹದ ಗುಂಡು. ಬೂಟಿನ ತುದಿಗೂ ಆ ಗುಂಡಿಗೂ ನಡುವಿನ ಅಂತರ 0ಯಿಂದ 1 ಮಿಲಿಮೀಟರ್ ಇರಬೇಕು. ಇಲ್ಲೊಂದು ಗೊಂದಲವಿದೆ. ಹಳೆಯ ಮಾದರಿಗಳಲ್ಲಿ ಈ ಅಂತರವನ್ನು ಪೆಡಲ್ ಪೂರ್ತಿ ತುಳಿದಾಗ ಅಳೆಯಬೇಕು, ಅವುಗಳಲ್ಲಿ ಪೆಡಲ್ ಬಿಟ್ಟಾಗ ಗುಂಡು ಬೂಟಿನ ಒಳಗೆ ಅಡಗಿರುತ್ತದೆ. ಆಮೇಲಿನ ಕೆಲವು ಮಾದರಿಗಳಲ್ಲಿ ಪೆಡಲ್ ಬಿಟ್ಟಿರುವಾಗಲೇ ಅಳೆಯಬೇಕು. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದರೆ ಹಲವು ಮಿಲಿಮೀಟರ್ ತಪ್ಪಿ, ಗೇರು ಒಂದೋ ಕಲ್ಲಿನಂತೆ ಬೀಳುತ್ತದೆ, ಇಲ್ಲವೇ ಹಿಡಿಯುವುದೇ ಇಲ್ಲ. ಗೇರ್‌ಬಾಕ್ಸ್ ಯಾವ ಗಾಡಿಯಿಂದ ಬಂದದ್ದೋ ಆ ಗಾಡಿಯ ಸರ್ವಿಸ್ ಪುಸ್ತಕವನ್ನೇ ನಂಬಬೇಕು, ಕೂರಿಸಿಕೊಂಡ ಗಾಡಿಯದನ್ನಲ್ಲ. ಪೆಡಲ್ ಬಿಟ್ಟು ಅಳೆಯುವ ಬಗೆಯಲ್ಲಿ ಕೇಬಲ್ಲೇ ಹೊಸದಾಗಿದ್ದು ಗುಂಡು ಇನ್ನೂ ಒತ್ತಿರದಿದ್ದರೆ, ಒಳತಂತಿಯನ್ನು ಮೆಲ್ಲಗೆ ಎಳೆದು ಮೊದಲ ತಡೆ ಕೈಗೆ ಸಿಕ್ಕಿದಲ್ಲಿ ಹಿಡಿದು, ಬೂಟಿನಿಂದ 0.8ರಿಂದ 1.5 ಮಿಲಿಮೀಟರ್ ದೂರದಲ್ಲಿ ಗುಂಡನ್ನು ಒತ್ತಬೇಕು.

ನಟ್ಟು ಸಡಿಲಿಸುವ ಮೊದಲು ಈಗಿರುವ ಸ್ಥಾನಕ್ಕೆ ಥ್ರೆಡ್ಡಿನ ಮೇಲೆ ಬಿಳಿ ಪೇಂಟಿನ ಗೆರೆ ಎಳೆದುಕೊಳ್ಳಿ. ಹೊರಗವಚವನ್ನು ಎಂಜಿನ್ನಿನ ಲಿವರಿನಿಂದ ದೂರಕ್ಕೆ ಸರಿಸಿದರೆ ಒಳತಂತಿ ಹೆಚ್ಚು ಎಳೆದುಕೊಂಡು ಒತ್ತಡ ಏರುತ್ತದೆ, ಗೇರು ಬಿಗಿಯಾಗುತ್ತದೆ. ಹತ್ತಿರಕ್ಕೆ ಸರಿಸಿದರೆ ಮೆತ್ತಗಾಗುತ್ತದೆ. ಮೊದಲು ಪುಸ್ತಕದ ಅಳತೆಗೆ ತನ್ನಿ, ಅದರ ಮೇಲೆ ಬೇಕಾದರೆ ಒಂದು ಸಲಕ್ಕೆ ಒಂದೇ ಮಿಲಿಮೀಟರ್ ಬದಲಿಸಿ, ಓಡಿಸಿ ನೋಡಿ, ಬರೆದಿಟ್ಟುಕೊಳ್ಳಿ. ಪುಸ್ತಕದ ಅಳತೆಯಿಂದ ಮೂರು ಮಿಲಿಮೀಟರಿಗಿಂತ ಹೆಚ್ಚು ಬಿಗಿಯುವ ಅಗತ್ಯ ಕಂಡುಬಂದರೆ ತಪ್ಪು ಬೇರೆಲ್ಲೋ ಇದೆ ಎಂದು ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಸಡಿಲಿಸುವ ವಿಷಯದಲ್ಲಿ ನನ್ನದು ಒಂದೇ ನಿಲುವು: ಪುಸ್ತಕದ ಅಳತೆಗಿಂತ ಕೂದಲೆಳೆಯಷ್ಟೂ ಸಡಿಲಿಸುವುದಿಲ್ಲ.

ಎಂಜಿನ್ ಬದಲಾದ ಗಾಡಿಯಲ್ಲಿ

ಮಾರ್ಪಡಿಸಿದ ಗಾಡಿಗಳ ನಿಜವಾದ ಕಷ್ಟ ಇರುವುದು ಇಲ್ಲಿ. ಗೇರ್‌ಬಾಕ್ಸಿನ ಕೇಬಲ್ಲು ತನ್ನ ಮೂಲ ಎಂಜಿನ್ನಿನ ಥ್ರಾಟಲ್ ಚಕ್ರಕ್ಕೆ ಹೊಂದುವಂತೆ ಇಂತಿಷ್ಟು ದೂರ ಚಲಿಸುತ್ತದೆ. ನಾವು ಅದನ್ನು ಬೇರೆ ಎಂಜಿನ್ನಿಗೆ ಡೀಸೆಲ್ ಹಾಯಿಸುವ ಪಂಪಿನ ಲಿವರಿಗೆ, ವೆಲ್ಡಿಂಗ್ ಮಾಡಿದ ಬ್ರಾಕೆಟ್ಟಿನ ಮೂಲಕ ಕಟ್ಟಿರುತ್ತೇವೆ. ಆ ಲಿವರು ಐಡಲಿನಿಂದ ಕೊನೆಯವರೆಗೆ ಚಲಿಸುವ ದೂರ ಕೇಬಲ್ಲಿನ ದೂರಕ್ಕಿಂತ ಕಡಿಮೆಯಾದರೆ, ಐಡಲಿನಲ್ಲಿ ಸರಿಯಾಗಿ ಹೊಂದಿಸಿದರೂ ಪೂರ್ತಿ ತುಳಿದಾಗ ಒತ್ತಡ ಏರುವುದಿಲ್ಲ, ಅಂದರೆ ಭಾರ ಹೇರಿ ಏರು ಹತ್ತುವಾಗಲೇ ಕ್ಲಚ್ಚು ಜಾರುತ್ತದೆ. ಹೆಚ್ಚಾದರೆ ಪೆಡಲ್ ಕೊನೆ ಮುಟ್ಟುವ ಮೊದಲೇ ಕೇಬಲ್ಲು ಬಿಗಿದು, ಒಂದು ದಿನ ತುಂಡಾಗುತ್ತದೆ. ಲಾಕ್ ನಟ್ಟಿನಿಂದ ಇದನ್ನು ಸರಿಮಾಡಲಾಗದು. ನಟ್ಟು ಬದಲಿಸುವುದು ಚಲನೆ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಮಾತ್ರ, ಚಲನೆಯ ಉದ್ದವನ್ನಲ್ಲ.

ಅದಕ್ಕಾಗಿ ಎರಡು ಅಳತೆ ತೆಗೆಯಿರಿ. ಕೇಬಲ್ಲನ್ನು ಲಿವರಿನಿಂದ ಬಿಡಿಸಿ, ಕೈಯಿಂದ ಮೆಲ್ಲಗೆ ಎಳೆದು, ಸಡಿಲ ಮುಗಿದ ಜಾಗದಿಂದ ಇನ್ನು ಬಾರದೆಂಬ ಜಾಗದವರೆಗೆ ಎಷ್ಟು ಮಿಲಿಮೀಟರ್ ಎಂದು ಸ್ಕೇಲಿನಿಂದ ಅಳೆಯಿರಿ. ಆಮೇಲೆ ಪಂಪಿನ ಲಿವರಿನಲ್ಲಿ ಕೇಬಲ್ ಸಿಕ್ಕಿಸುವ ತೂತು ಐಡಲಿನಿಂದ ಕೊನೆಯವರೆಗೆ ಎಷ್ಟು ದೂರ ಸರಿಯುತ್ತದೆಂದು ಅಳೆಯಿರಿ. ಎರಡೂ ಒಂದೇ ಆಗಬೇಕು, ಕೇಬಲ್ಲಿನ ಅಳತೆ ಒಂದೆರಡು ಮಿಲಿಮೀಟರ್ ಹೆಚ್ಚಿದ್ದರೂ ನಡೆಯುತ್ತದೆ. ಹೊಂದದಿದ್ದರೆ ತೂತಿನ ಜಾಗ ಬದಲಿಸಬೇಕು. ಲಿವರು ಒಟ್ಟು 50 ಡಿಗ್ರಿ ತಿರುಗುತ್ತದೆ ಎಂದಿಟ್ಟುಕೊಂಡರೆ, ತಿರುಗುವ ಕೇಂದ್ರದಿಂದ 35 ಮಿಲಿಮೀಟರ್ ದೂರದ ತೂತು ಸುಮಾರು 30 ಮಿಲಿಮೀಟರ್ ಸರಿಯುತ್ತದೆ, 40 ಮಿಲಿಮೀಟರ್ ದೂರದ್ದು ಸುಮಾರು 34. ನಮ್ಮ ಗಾಡಿಯಲ್ಲಿ ಹಳೆಯ ತೂತು ಕೇಂದ್ರಕ್ಕೆ ತೀರಾ ಹತ್ತಿರವಿತ್ತು. ಗಟ್ಟಿ ಕಬ್ಬಿಣದ ಪಟ್ಟಿಯಲ್ಲಿ ಐದೈದು ಮಿಲಿಮೀಟರಿಗೊಂದು ತೂತು ಕೊರೆದು ಲಿವರಿಗೆ ಬೋಲ್ಟ್ ಮಾಡಿ, ಯಾವುದು ಸರಿಹೊಂದುತ್ತದೆಂದು ಒಂದೊಂದಾಗಿ ನೋಡಿದೆವು. ಕೊನೆಗೆ ಮೂರನೆಯ ತೂತಿನಲ್ಲಿ ಅಳತೆ ಕೂಡಿತು. ಕೇಬಲ್ಲು ಲಿವರಿನತ್ತ ನೇರವಾಗಿ ಬರುವಂತೆ ಬ್ರಾಕೆಟ್ಟಿನ ಕೋನವನ್ನೂ ತಿದ್ದಬೇಕಾಯಿತು. ಓರೆಯಾಗಿ ಬಂದರೆ ತಂತಿ ಕವಚಕ್ಕೆ ಉಜ್ಜಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಬಿಟ್ಟಾಗ ಪೂರ್ತಿ ಹಿಂದಿರುಗುವುದೂ ಇಲ್ಲ.

ಪ್ರೆಶರ್ ಗೇಜು

ಕೈಗೆ, ಬೆನ್ನಿಗೆ ತೋಚುವುದು ಅಂದಾಜು. ಗೇಜು ತೋರಿಸುವುದು ನಿಜ. 0ಯಿಂದ 300 ಪಿಎಸ್‌ಐವರೆಗಿನ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಎಣ್ಣೆಯ ಗೇಜನ್ನು ಉದ್ದನೆಯ, ಒತ್ತಡ ತಡೆಯುವ ಹೋಸಿಗೆ ಹಾಕಿ, ಗೇರ್‌ಬಾಕ್ಸಿನ ಬದಿಯಲ್ಲಿರುವ ಪರೀಕ್ಷೆಯ ಪ್ಲಗ್ಗಿನ ಜಾಗದಲ್ಲಿ ಜೋಡಿಸಿ, ಸೈಲೆನ್ಸರಿಗೆ ತಾಗದಂತೆ ಹೊರಗೆ ತನ್ನಿ. ಇದಕ್ಕಿಂತ ಚಿಕ್ಕ ಗೇಜು ಬೇಡ, ರಿವರ್ಸಿನಲ್ಲಿ ಒತ್ತಡ 200 ದಾಟಬಲ್ಲದು.

ಅತಿ ಸುಲಭದ ಪರೀಕ್ಷೆ ಹೀಗಿದೆ: ಎಂಜಿನ್ ಐಡಲಿನಲ್ಲಿ, ಗೇರು ನ್ಯೂಟ್ರಲಿನಲ್ಲಿ ಇರುವಾಗ ಕೇಬಲ್ಲನ್ನು ಮಾತ್ರ ಕೈಯಿಂದ ಎಳೆಯಿರಿ. ಗೇಜಿನ ಮುಳ್ಳು ತಡವರಿಸದೆ ಏರಬೇಕು, ಬಿಟ್ಟೊಡನೆ ಮೊದಲಿನ ಜಾಗಕ್ಕೆ ಇಳಿಯಬೇಕು. ಅಲ್ಲಲ್ಲಿ ಸಿಕ್ಕಿಕೊಂಡಂತೆ ಏರಿದರೆ ಕೇಬಲ್ಲೋ ಒಳಗಿನ ವಾಲ್ವೋ ಅಂಟಿಕೊಳ್ಳುತ್ತಿದೆ. ಈ ಕುಟುಂಬದ ಅನೇಕ ಗೇರ್‌ಬಾಕ್ಸುಗಳಲ್ಲಿ ಡಿಯಲ್ಲಿ ಐಡಲಿನ ಒತ್ತಡ 50ರಿಂದ 70 ಪಿಎಸ್‌ಐ ನಡುವೆ ಇರುತ್ತದೆ, ಪೂರ್ತಿ ತುಳಿದಾಗ ಅದರ ಇಮ್ಮಡಿ ಅಥವಾ ಇನ್ನೂ ಹೆಚ್ಚು. ನಿಖರವಾದ ಅಂಕಿಯನ್ನು ಆಯಾ ಮಾದರಿಯ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಐಡಲಿನಲ್ಲಿ ಹೆಚ್ಚಿದ್ದು ಪೂರ್ತಿ ತುಳಿದಾಗ ಸರಿಯಿದ್ದರೆ ಕೇಬಲ್ಲು ಆರಂಭದಲ್ಲೇ ಎಳೆದುಕೊಂಡಿದೆ. ಐಡಲಿನಲ್ಲಿ ಸರಿಯಿದ್ದು ಪೂರ್ತಿ ತುಳಿದಾಗ ಕಡಿಮೆಯಾದರೆ ಮೇಲೆ ಹೇಳಿದ ಲಿವರಿನ ತೊಂದರೆ. ಎರಡರಲ್ಲೂ ಕಡಿಮೆಯಿದ್ದು, ಕೇಬಲ್ ಎಳೆದರೂ ಏರದಿದ್ದರೆ ಪಂಪು ಸವೆದಿದೆ ಅಥವಾ ಒಳಗೆ ಸೋರುತ್ತಿದೆ.

ಪೂರ್ತಿ ತುಳಿದ ಒತ್ತಡವನ್ನು ನಿಂತಲ್ಲೇ ಅಳೆಯುವಾಗ ನಾಲ್ಕೂ ಚಕ್ರಕ್ಕೆ ಕಲ್ಲು, ಹ್ಯಾಂಡ್‌ಬ್ರೇಕು, ಎಡಗಾಲಿನಲ್ಲಿ ಬ್ರೇಕು ಇರಲೇಬೇಕು, ಗಾಡಿಯ ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು. ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ತುಳಿಯಬಾರದು, ಏಕೆಂದರೆ ಎಂಜಿನ್ನಿನ ಶಕ್ತಿಯೆಲ್ಲ ಆಗ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರಿನ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಬ್ರೇಕು ಗಟ್ಟಿಯಿಲ್ಲದ ಗಾಡಿಯಲ್ಲಿ, ಎಣ್ಣೆ ಸುಟ್ಟ ಗಾಡಿಯಲ್ಲಿ ಇದನ್ನು ಮಾಡಲೇಬೇಡಿ.

ರಸ್ತೆಯಲ್ಲಿ

ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಬರುವ ರಸ್ತೆ ತುಂಗೆಯ ಮಗ್ಗುಲಲ್ಲಿ ಸಾಗುತ್ತದೆ. ಮೊದಲ ಓಡಾಟಕ್ಕೆ ಅದು ತಕ್ಕುದು. ಹಗುರಾಗಿ ತುಳಿದು ಹೋಗುವಾಗ ಒಂದರಿಂದ ಎರಡಕ್ಕೆ ಬೀಳುವುದು ಗಮನವಿಟ್ಟರೆ ಮಾತ್ರ ತಿಳಿಯುವಷ್ಟಿರಬೇಕು. ಅರ್ಧ ತುಳಿದಾಗ ಗೇರು ಬಿದ್ದದ್ದು ಎಲ್ಲರಿಗೂ ಗೊತ್ತಾಗಬೇಕು, ಆದರೆ ಯಾರ ತಲೆಯೂ ಅಲುಗಬಾರದು. ಪೂರ್ತಿ ತುಳಿದಾಗ ಚಕ್ಕೆಂದು ಹಿಡಿಯಬೇಕು. ಈ ಎಲ್ಲದರಲ್ಲೂ ಆರ್‌ಪಿಎಂ ಮುಳ್ಳಿನ ಮೇಲೆ ಕಣ್ಣಿರಲಿ. ಮೇಲಿನ ಗೇರಿಗೆ ಹೋಗುವಾಗ ಮುಳ್ಳು ಇಳಿಯಬೇಕು. ಇಳಿಯುವ ಮೊದಲು ಒಂದು ಗಳಿಗೆಯಾದರೂ ಮೇಲಕ್ಕೆ ಜಿಗಿದರೆ ಎರಡು ಕ್ಲಚ್ಚುಗಳ ನಡುವೆ ಎಂಜಿನ್ನು ಬರಿದೆ ತಿರುಗಿದೆ ಎಂದರ್ಥ. ಎಷ್ಟೇ ನಯವಾಗಿದ್ದರೂ ಆ ಹೊಂದಾಣಿಕೆಯನ್ನು ಒಪ್ಪಬೇಡಿ.

ಖಾಲಿ ಗಾಡಿಯಲ್ಲಿ ಸರಿಯೆನಿಸಿದ ಮೇಲೆ, ನಿತ್ಯ ಹೇರುವಷ್ಟು ಭಾರ ಹೇರಿ ಮತ್ತೆ ನೋಡಿ. ಘಾಟಿಯ ಪರೀಕ್ಷೆಯನ್ನು ಮಳೆಯಿಲ್ಲದ ದಿನ, ಬೆಳಿಗ್ಗೆ ಮಂಜು ಕರಗಿದ ಮೇಲೆ ಮಾಡುವುದು ಒಳ್ಳೆಯದು. ಆಗುಂಬೆಯ ತಿರುವುಗಳಲ್ಲಿ ಗಾಡಿ ಎರಡು ಮತ್ತು ಮೂರರ ನಡುವೆ ಪದೇ ಪದೇ ಓಲಾಡಿದರೆ ಕೇಬಲ್ಲನ್ನು ದೂರಬೇಡಿ, ಲಿವರನ್ನು 2ಕ್ಕೆ ಇಳಿಸಿ ಹತ್ತಿಸಿ. ಇಳಿಯುವಾಗಲೂ ಅಷ್ಟೆ. ಮೇಲೆ ಬಂದ ಕೂಡಲೇ ಎಂಜಿನ್ ಆರಿಸದೆ ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು, ಎಣ್ಣೆಯ ಬಣ್ಣ ವಾಸನೆ ನೋಡಿ.

ತಣ್ಣಗಿರುವಾಗ ಮೊದಲ ಎರಡು ಮೂರು ಕಿಲೋಮೀಟರ್ ಗೇರು ಸ್ವಲ್ಪ ಗಡುಸಾಗಿ ಬೀಳುವುದು ಸಹಜ. ಅದಕ್ಕಾಗಿ ಏನನ್ನೂ ಬದಲಿಸಬೇಡಿ.

ಒಳಗೆ ಕೈ ಹಾಕುವುದಾದರೆ

ಕೇಬಲ್ಲು, ಒತ್ತಡ ಎರಡೂ ಸರಿಯಿದ್ದು, ಎಂಜಿನ್ನಿನ ಶಕ್ತಿ ಹೆಚ್ಚಿದ ಕಾರಣಕ್ಕೇ ಒಂದು ನಿರ್ದಿಷ್ಟ ಗೇರು ಉದ್ದಕ್ಕೆ ಎಳೆದು ಬೀಳುತ್ತಿದ್ದರೆ ಮಾತ್ರ ವಾಲ್ವ್ ಬಾಡಿಯ ಕಡೆ ನೋಡಬೇಕು. ಶಿಫ್ಟ್ ಕಿಟ್ ಎಂದು ಮಾರುವ ಸಾಮಾನಿನಲ್ಲಿ ಅಕ್ಯುಮ್ಯುಲೇಟರಿಗೆ ಗಟ್ಟಿ ಸ್ಪ್ರಿಂಗು, ವಾಲ್ವ್ ಬಾಡಿಯ ನಡುವಿನ ತಗಡಿನ ತೂತು ದೊಡ್ಡದು ಮಾಡುವ ಸೂಚನೆ ಇರುತ್ತದೆ. ಸ್ಪ್ರಿಂಗು ಬದಲಿಸಿದರೆ ಮತ್ತೆ ಹಳೆಯದನ್ನು ಹಾಕಬಹುದು, ಕೊರೆದ ತೂತನ್ನು ಮುಚ್ಚಲಾಗದು. ಹಾಗಾಗಿ ಡ್ರಿಲ್ಲು ಕೊನೆಗಿರಲಿ. ವಾಲ್ವ್ ಬಾಡಿ ಇಳಿಸುವಾಗ ಅಕ್ಯುಮ್ಯುಲೇಟರಿನ ಪಿಸ್ಟನ್ನುಗಳು ಕೈ ಮೇಲೆ ಉದುರುತ್ತವೆ, ಪುಟ್ಟ ಚೆಕ್ ಬಾಲುಗಳು ಉರುಳಿ ಹೋಗುತ್ತವೆ, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಬೋಲ್ಟುಗಳ ಉದ್ದ ಬೇರೆಬೇರೆ ಇರುವುದರಿಂದ ರಟ್ಟಿನ ಮೇಲೆ ವಾಲ್ವ್ ಬಾಡಿಯ ಚಿತ್ರ ಬರೆದು ಅದೇ ಜಾಗಕ್ಕೆ ಚುಚ್ಚಿಡಿ. ಎ340ರಲ್ಲಿ ಅವುಗಳ ಬಿಗಿ ಕೇವಲ 10 ನ್ಯೂಟನ್ ಮೀಟರ್. ಮಾಮೂಲಿ ಕೈಬಿಗಿಯಲ್ಲಿ ತಿರುವಿದರೆ ಅಲ್ಯುಮಿನಿಯಮ್ಮಿನ ಥ್ರೆಡ್ಡು ಹಾರಿಹೋಗುತ್ತದೆ. ಒರೆಸಲು ಹತ್ತಿಯ ಬಟ್ಟೆ ಬೇಡ, ಅದರ ಒಂದು ಎಳೆ ವಾಲ್ವಿನಲ್ಲಿ ಸಿಕ್ಕರೂ ಕೆಲಸ ಕೆಟ್ಟಿತು.

ಬೇರೆ ಬಗೆಯವು

ಎ340ಇಯಂತಹ ಎಲೆಕ್ಟ್ರಾನಿಕ್ ಮಾದರಿಗಳಲ್ಲಿ ಗೇರು ಯಾವಾಗ ಬೀಳಬೇಕೆಂದು ಕಂಪ್ಯೂಟರು ನಿರ್ಧರಿಸುತ್ತದೆ, ಕೇಬಲ್ಲು ಒತ್ತಡವನ್ನಷ್ಟೇ ನೋಡಿಕೊಳ್ಳುತ್ತದೆ. ಹಳೆಯ ಎ43ಡಿಯಂತಹ ಪೂರ್ತಿ ಹೈಡ್ರಾಲಿಕ್ ಮಾದರಿಗಳಲ್ಲಿ ಕೇಬಲ್ಲು ಎರಡನ್ನೂ ನಡೆಸುತ್ತದೆ, ಬಿಗಿದರೆ ಗೇರು ಬಿಗಿಯಾಗುವುದರ ಜೊತೆಗೆ ತಡವಾಗಿಯೂ ಬೀಳುತ್ತದೆ. ಜನರಲ್ ಮೋಟರ್ಸಿನ 700ಆರ್4 ಕೂಡ ಕೇಬಲ್ಲಿನದೇ, ಮತ್ತು ತಪ್ಪು ಹೊಂದಾಣಿಕೆಯನ್ನು ಸ್ವಲ್ಪವೂ ಸಹಿಸದು. ಅದೇ ಕಂಪನಿಯ ಟಿಎಚ್350ರಲ್ಲಿ ಕೇಬಲ್ಲು ಕೆಳಗಿನ ಗೇರಿಗೆ ಇಳಿಸುವುದಕ್ಕೆ ಮಾತ್ರ. ಒತ್ತಡವನ್ನು ನಡೆಸುವುದು ಎಂಜಿನ್ನಿನ ವ್ಯಾಕ್ಯೂಮಿನಿಂದ ಕೆಲಸ ಮಾಡುವ ಮಾಡ್ಯುಲೇಟರ್. ಅದನ್ನು ಡೀಸೆಲ್ಲಿಗೆ ಕೂರಿಸಿದವರು ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಇರುವುದಿಲ್ಲ ಎಂಬುದನ್ನು ಮರೆಯಬಾರದು, ಅದಕ್ಕೆ ವ್ಯಾಕ್ಯೂಮ್ ಪಂಪೂ, ತುಳಿತಕ್ಕೆ ತಕ್ಕಂತೆ ಆ ವ್ಯಾಕ್ಯೂಮನ್ನು ಇಳಿಸುವ ವಾಲ್ವೂ ಬೇಕು.

ಎಂಜಿನ್ ಬದಲಿಸಿದ ಗಾಡಿಯ ಕಾಗದಪತ್ರದ ವಿಷಯವನ್ನೂ ಇಲ್ಲೇ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಇಂಥ ಬದಲಾವಣೆ ನೋಂದಣಿ ಪತ್ರದಲ್ಲಿ ದಾಖಲಾಗಿರಬೇಕು. ಗಾಡಿ ಕೆಎ 14ರದ್ದಾದರೆ ಶಿವಮೊಗ್ಗದ, ಕೆಎ 15ರದ್ದಾದರೆ ಸಾಗರದ ಸಾರಿಗೆ ಕಚೇರಿಯಲ್ಲಿ ಕೆಲಸಕ್ಕೆ ಮೊದಲೇ ವಿಚಾರಿಸಿ.

ಹೊಂದಾಣಿಕೆ ಮುಗಿದ ಮೇಲೆ ಎರಡೂ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಹೊಸ ಸ್ಥಾನಕ್ಕೆ ಬೇರೆ ಬಣ್ಣದ ಗೆರೆ ಹಾಕಿ. ನಮ್ಮ ಗಾಡಿಯದು ಈಗ ಪುಸ್ತಕದ ಅಳತೆಗಿಂತ ಒಂದೂವರೆ ಮಿಲಿಮೀಟರ್ ಬಿಗಿ. ಮಳೆಗಾಲ ಮುಗಿದೊಡನೆ, ದೀಪಾವಳಿಯ ಹೊತ್ತಿಗೆ, ಬೂಟು ಸರಿಸಿ ಒಳಗೆ ಕೆಸರು ಕಟ್ಟಿದೆಯೇ, ತಂತಿ ತುಕ್ಕು ಹಿಡಿದಿದೆಯೇ ನೋಡಿ ಅಂತರವನ್ನು ಮತ್ತೊಮ್ಮೆ ಅಳೆಯುತ್ತೇನೆ. ಕಳೆದ ವರ್ಷ ಗೆರೆಗಳು ಒಂದು ಸುತ್ತಿನಷ್ಟು ಕದಲಿದ್ದವು, ಕೆಳಗಿನ ನಟ್ಟು ಸಡಿಲಾಗಿತ್ತು.